ಮನಸ್ಸಿನ ಕಾಯಿಲೆ, ನಿಕಾಹ್ ಮತ್ತು ವೀಸಾ: ನೇರ ಮಾತು ಎಲ್ಲಿ ಆರಂಭವಾಗಬೇಕು?

ಕರಾವಳಿಯ ಮುಸ್ಲಿಮ್ ಕುಟುಂಬಗಳಿಗೆ ಕಡಲಾಚೆಯ ಬದುಕು ಹೊಸದಲ್ಲ. ಒಂದು ಕಾಲದಲ್ಲಿ ಮಂಗಳೂರು, ಉಡುಪಿ, ಭಟ್ಕಳದ ಗಂಡಸರು ಒಬ್ಬಂಟಿಯಾಗಿ ಗಲ್ಫ್‌ಗೆ ಹೋಗಿ ದುಡಿದು, ರಜೆ ಸಿಕ್ಕಾಗ ಊರಿಗೆ ಬಂದು ಹೋಗುತ್ತಿದ್ದರು. ಇಂದು ಅಳಿಯಂದಿರು ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲೂ ಇದ್ದಾರೆ. ನಿಕಾಹ್ ಮುಗಿದ ಬಳಿಕ ಪತಿ ಅರ್ಜಿ ಸಲ್ಲಿಸುತ್ತಾನೆ, ಪತ್ನಿ ತವರಿನಲ್ಲೋ ಅತ್ತೆಮನೆಯಲ್ಲೋ ತಿಂಗಳುಗಟ್ಟಲೆ ಕಾಯುತ್ತಾಳೆ, ಕೊನೆಗೆ ವೈದ್ಯಕೀಯ ತಪಾಸಣೆಯ ದಿನ ಬರುತ್ತದೆ. ಆಗ ಕೆಲವು ಮನೆಗಳಲ್ಲಿ ಒಂದು ಪ್ರಶ್ನೆ ಪಿಸುಮಾತಿನಲ್ಲಿ ಏಳುತ್ತದೆ. ಮಗಳು ಕಾಲೇಜಿನ ದಿನಗಳಲ್ಲಿ ಖಿನ್ನತೆಗೆ ಮಾತ್ರೆ ತೆಗೆದುಕೊಂಡಿದ್ದಳು, ಇದನ್ನು ಆ ವೈದ್ಯರ ಮುಂದೆ ಹೇಳಬೇಕೇ? ಹೇಳಿದರೆ ವೀಸಾ ತಪ್ಪುವುದಿಲ್ಲವೇ? ಈ ಪ್ರಶ್ನೆಯ ಹಿಂದೆ ಇನ್ನೊಂದು ಅವಿತಿರುತ್ತದೆ. ಅಳಿಯನಿಗೇ ಇದು ಗೊತ್ತಿಲ್ಲವಲ್ಲ!

ಈ ಎರಡು ಪ್ರಶ್ನೆಗಳನ್ನು ಬೇರ್ಪಡಿಸಲಾಗದು. ವೀಸಾದ ವೈದ್ಯರ ಕೋಣೆಯಲ್ಲಿ ನಮ್ಮನ್ನು ನಡುಗಿಸುವುದು ಹೆಚ್ಚಾಗಿ ಆ ವೈದ್ಯರ ಪ್ರಶ್ನೆಯಲ್ಲ, ನಿಕಾಹ್‌ಗೆ ಮೊದಲು ನಾವು ಉತ್ತರಿಸದೆ ಬಿಟ್ಟ ಪ್ರಶ್ನೆ. ಆದ್ದರಿಂದ ಮೊದಲು ಕಾನೂನು ನಿಜವಾಗಿ ಏನನ್ನು ಕೇಳುತ್ತದೆ ಎಂಬುದನ್ನು, ಬಳಿಕ ಧರ್ಮವು ನಮ್ಮಿಂದ ಏನನ್ನು ಬಯಸುತ್ತದೆ ಎಂಬುದನ್ನು ನೋಡೋಣ.

ನಮ್ಮ ಭಯಕ್ಕೆ ಒಂದು ಇತಿಹಾಸವಿದೆ. ಗಲ್ಫ್‌ಗೆ ಹೋಗುವವರಿಗೆ ಗಾಮ್ಕಾ ತಪಾಸಣೆಯ 'ಫಿಟ್' ಮತ್ತು 'ಅನ್‌ಫಿಟ್' ಎಂಬ ಎರಡು ಪದಗಳು ಭವಿಷ್ಯವನ್ನೇ ನಿರ್ಧರಿಸುತ್ತಿದ್ದವು. ಎದೆಯ ಎಕ್ಸ್‌ರೇಯಲ್ಲಿ ಒಂದು ಕಲೆ ಕಂಡರೆ ಸಾಲ ಮಾಡಿ ಕಟ್ಟಿದ ಹಣ, ಆಸೆ, ಎಲ್ಲವೂ ಮಣ್ಣುಪಾಲು. ಆ ಮುದ್ರೆಯ ನೆನಪು ನಮ್ಮ ಮನೆಗಳಲ್ಲಿ ಇನ್ನೂ ಮಾಸಿಲ್ಲ. ಅಮೆರಿಕದ ಕಾನೂನೂ ಹಿಂದೆ ಕ್ರೂರವಾಗಿಯೇ ಇತ್ತು. 1882ರ ವಲಸೆ ಕಾನೂನು ಬುದ್ಧಿಭ್ರಮಣೆಯುಳ್ಳವರಿಗೆ ಬಾಗಿಲು ಮುಚ್ಚಿತು. ನ್ಯೂಯಾರ್ಕ್‌ನ ಎಲ್ಲಿಸ್ ದ್ವೀಪದಲ್ಲಿ ಹಡಗಿನಿಂದ ಇಳಿದವರ ಮನಸ್ಸಿನ ಬಗ್ಗೆ ವೈದ್ಯರಿಗೆ ಸಂಶಯ ಬಂದರೆ ಅವರ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಎಕ್ಸ್ ಗುರುತು ಹಾಕಲಾಗುತ್ತಿತ್ತು. 1917ರ ಕಾನೂನಿನ ಪ್ರಕಾರ ಜೀವನದಲ್ಲಿ ಎಂದಾದರೂ ಒಮ್ಮೆ ಬುದ್ಧಿಭ್ರಮಣೆಗೆ ಒಳಗಾಗಿದ್ದರೆ ಅದೇ ತಡೆಯಾಗಲು ಸಾಕಾಗಿತ್ತು.

ಆದರೆ 1990ರಲ್ಲಿ ಆ ಕಾನೂನು ಬದಲಾಯಿತು. ಈಗ ಕಾಯಿಲೆಯ ಹೆಸರೊಂದೇ ಯಾರನ್ನೂ ತಡೆಯುವುದಿಲ್ಲ. ಕಾಯಿಲೆಯೊಂದಿಗೆ ತನಗೋ ಇತರರಿಗೋ ಹಾನಿ ತರುವ ವರ್ತನೆ ಇದೆಯೇ, ಅಥವಾ ಹಿಂದೆ ಇದ್ದ ಅಂತಹ ವರ್ತನೆ ಮತ್ತೆ ಮರುಕಳಿಸುವ ಸಾಧ್ಯತೆ ಇದೆಯೇ ಎಂಬುದನ್ನು ವೈದ್ಯರು ನೋಡುತ್ತಾರೆ. ಇದೆ ಎಂದಾದರೆ ಅದು 'ಎ' ವರ್ಗ, ಅಂದರೆ ಪ್ರವೇಶಕ್ಕೆ ತಡೆ. ಗಮನಿಸಬೇಕಾದ ಕಾಯಿಲೆ ಇದ್ದರೂ ಹಾನಿಕರ ವರ್ತನೆ ಇಲ್ಲದಿದ್ದರೆ ಅದು 'ಬಿ' ವರ್ಗ, ವರದಿಯಲ್ಲಿ ದಾಖಲಾಗುತ್ತದೆಯೇ ಹೊರತು ಅದೇ ತಡೆಯಲ್ಲ. 'ಎ' ವರ್ಗಕ್ಕೆ ಸೇರಿದವರಿಗೂ ಐ-601 ನಮೂನೆಯ ಮೂಲಕ ವಿನಾಯಿತಿ ಕೇಳುವ ದಾರಿ ಇದೆ. ಖಿನ್ನತೆಯಿಂದ ಬಳಲಿ, ಚಿಕಿತ್ಸೆ ಪಡೆದು, ಓದು ಮುಗಿಸಿ, ಮನೆ ನಡೆಸುತ್ತಿರುವ ಹೆಣ್ಣುಮಗಳು 'ಎ' ವರ್ಗದವಳಲ್ಲ. ಆತ್ಮಹತ್ಯೆಯ ಪ್ರಯತ್ನ ನಡೆದಿದ್ದರೆ ಪ್ರಶ್ನೆ ಗಂಭೀರವಾಗುತ್ತದೆ. ವೈದ್ಯರು ಮನೋರೋಗ ತಜ್ಞರ ಬಳಿಗೆ ಕಳುಹಿಸಬಹುದು, ಇನ್ನಷ್ಟು ದಾಖಲೆ ಕೇಳಬಹುದು, ತಡವಾಗಬಹುದು. ಆಗಲೂ ಅವರು ತಿಳಿಯಬಯಸುವುದು ಆ ಘಟನೆ ಯಾವಾಗ ನಡೆಯಿತು, ಬಳಿಕ ಯಾವ ಚಿಕಿತ್ಸೆ ದೊರೆಯಿತು, ಇಂದಿನ ಸ್ಥಿತಿ ಏನು ಎಂಬುದನ್ನು.

ಭಾರತೀಯರ ವಲಸೆ ವೀಸಾಗಳ ಸಂದರ್ಶನ ಹೆಚ್ಚಾಗಿ ಮುಂಬೈನ ದೂತಾವಾಸದಲ್ಲಿ ನಡೆಯುತ್ತದೆ. ಅದಕ್ಕೆ ಮೊದಲು ದೂತಾವಾಸವು ನೇಮಿಸಿದ ವೈದ್ಯರ ಬಳಿ ತಪಾಸಣೆ. ಕ್ಷಯಕ್ಕಾಗಿ ಎದೆಯ ಎಕ್ಸ್‌ರೇ, ನಿರ್ದಿಷ್ಟ ವಯಸ್ಸಿನವರಿಗೆ ಲೈಂಗಿಕ ಸೋಂಕುಗಳ ಪರೀಕ್ಷೆ, ಲಸಿಕೆಗಳ ಪಟ್ಟಿ, ದೇಹದ ಪರೀಕ್ಷೆ, ಬಳಿಕ ಪ್ರಶ್ನೋತ್ತರ. ಮನಸ್ಸಿನ ಬಗೆಗಿನ ವಿಚಾರಣೆ ಈ ಪ್ರಶ್ನೋತ್ತರದಲ್ಲಿ ಬರುತ್ತದೆ. ಖಿನ್ನತೆಯ ಮಾತ್ರೆಯನ್ನು ಪತ್ತೆಹಚ್ಚುವ ರಕ್ತಪರೀಕ್ಷೆ ಇದರಲ್ಲಿ ಇಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ತಪಾಸಣೆಗೆ ಎರಡು ವಾರ ಇರುವಾಗ ಮಗಳ ಮಾತ್ರೆಗಳನ್ನು ನಿಲ್ಲಿಸಿಬಿಡುವ ಯೋಚನೆ ಹೆತ್ತವರಿಗೆ ಬರುವುದುಂಟು. ಇದರಿಂದ ಯಾವ ಲಾಭವೂ ಇಲ್ಲ, ಅಪಾಯ ಮಾತ್ರ ಇದೆ. ಮಾನಸಿಕ ಕಾಯಿಲೆಯ ಔಷಧಿಗಳನ್ನು ಏಕಾಏಕಿ ನಿಲ್ಲಿಸಿದರೆ ತಲೆಸುತ್ತು, ನಿದ್ರಾಹೀನತೆ, ತಳಮಳ ಕಾಡಬಹುದು, ಕಾಯಿಲೆಯೇ ಮರುಕಳಿಸಬಹುದು. ಮಾತ್ರೆ ನಿಲ್ಲಿಸಿ ನಡುಗುತ್ತಾ ಕುಳಿತವಳಿಗಿಂತ, ಮಾತ್ರೆ ತೆಗೆದುಕೊಂಡು ನೆಮ್ಮದಿಯಿಂದ ಮಾತನಾಡುವವಳೇ ಆ ಕೋಣೆಯಲ್ಲಿ ಸುರಕ್ಷಿತಳು. ಅವಳ ಕೈಯಲ್ಲಿ ಇರಬೇಕಾದದ್ದು ಚಿಕಿತ್ಸೆ ನೀಡಿದ ವೈದ್ಯರ ಒಂದು ಪತ್ರ. ಕಾಯಿಲೆ ಏನು, ಎಂದಿನಿಂದ, ಯಾವ ಔಷಧಿ, ಈಗಿನ ಸ್ಥಿತಿ ಹೇಗಿದೆ, ಹಾನಿಕರ ವರ್ತನೆ ಇತ್ತೇ ಎಂಬ ವಿವರಗಳು ಅದರಲ್ಲಿರಲಿ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಕಾನೂನು ರೋಗಿಗೆ ತನ್ನ ವೈದ್ಯಕೀಯ ದಾಖಲೆಗಳನ್ನು ಪಡೆಯುವ ಹಕ್ಕನ್ನು ಕೊಟ್ಟಿದೆ.

ಎಚ್-1ಬಿ ವೀಸಾದಲ್ಲಿರುವ ಪತಿಯ ಬಳಿಗೆ ಎಚ್-4 ವೀಸಾದಲ್ಲಿ ಹೋಗುವ ಪತ್ನಿಗೆ ಸಾಮಾನ್ಯವಾಗಿ ಈ ತಪಾಸಣೆ ಇರುವುದಿಲ್ಲ. ಆದರೆ ಡಿಎಸ್-160 ಅರ್ಜಿಯಲ್ಲಿ ಒಂದು ಪ್ರಶ್ನೆ ಇದೆ, ಮುಂದೆ ಗ್ರೀನ್ ಕಾರ್ಡ್ ಹಂತದಲ್ಲಿ ತಪಾಸಣೆಯೂ ಇದೆ. ಆ ಅರ್ಜಿಯ ಪ್ರಶ್ನೆಯನ್ನು ನಿಧಾನವಾಗಿ ಓದಬೇಕು. ಎಂದಾದರೂ ಮನಸ್ಸು ಕೆಟ್ಟಿತ್ತೇ ಎಂದು ಅಲ್ಲಿ ಕೇಳಿಲ್ಲ, ಸುರಕ್ಷತೆಗೆ ಅಪಾಯ ತರುವಂತಹ ಕಾಯಿಲೆ ಇದೆಯೇ ಎಂದು ಕೇಳಲಾಗಿದೆ. ಇತರ ದೇಶಗಳ ನಿಯಮಗಳು ಬೇರೆ. ದೀರ್ಘಾವಧಿಗೆ ಬ್ರಿಟನ್‌ಗೆ ಹೋಗುವ ಭಾರತೀಯರಿಗೆ ಬೇಕಾಗಿರುವುದು ಕ್ಷಯರೋಗ ಪರೀಕ್ಷೆಯ ಪ್ರಮಾಣಪತ್ರ. ಕೆನಡಾದಲ್ಲಿ ಚಿಕಿತ್ಸೆಯ ವೆಚ್ಚ ಸರಕಾರಕ್ಕೆ ಹೊರೆಯಾಗುತ್ತದೆ ಎಂಬ ಕಾರಣದಿಂದ ಕೆಲವರನ್ನು ತಡೆಯುವ ನಿಯಮವಿದ್ದರೂ ಪತಿ-ಪತ್ನಿಯರಿಗೆ ಅದರಿಂದ ವಿನಾಯಿತಿ ಇದೆ. ಆಸ್ಟ್ರೇಲಿಯಾದಲ್ಲಿ ವೆಚ್ಚವನ್ನು ಲೆಕ್ಕ ಹಾಕುತ್ತಾರೆ, ಆದರೆ ಸಂಗಾತಿಯ ವೀಸಾದಲ್ಲಿ ವಿನಾಯಿತಿಯನ್ನು ಪರಿಗಣಿಸುವ ಅವಕಾಶ ಇಟ್ಟಿದ್ದಾರೆ.

ಸತ್ಯ ಹೇಳಿದರೆ ಎಲ್ಲವೂ ಸುಗಮ ಎಂದು ನಾವು ಭರವಸೆ ಕೊಡಲಾರೆವು. ವಲಸೆ ಬರುವವರು ಮುಂದೆ ಸರಕಾರದ ಆಸರೆಗೆ ಬೀಳುವರೇ ಎಂದು ಅಮೆರಿಕದ ಅಧಿಕಾರಿಗಳು ತೂಗಿ ನೋಡುತ್ತಾರೆ. 2025ರ ಕೊನೆಯಿಂದ ದೀರ್ಘಕಾಲದ ಕಾಯಿಲೆಗಳನ್ನು, ಮಾನಸಿಕ ಕಾಯಿಲೆಗಳನ್ನೂ ಸೇರಿಸಿ, ಈ ತೂಗುವಿಕೆಯಲ್ಲಿ ಹೆಚ್ಚು ಬಿಗಿಯಾಗಿ ಗಮನಿಸಬೇಕೆಂಬ ಸೂಚನೆ ಅವರಿಗೆ ಹೋಗಿದೆ. ಆದ್ದರಿಂದ ಪತಿ ಸಲ್ಲಿಸುವ ಐ-864 ಎಂಬ ಆರ್ಥಿಕ ಹೊಣೆಗಾರಿಕೆಯ ಪತ್ರ, ಅವನ ಆದಾಯದ ದಾಖಲೆ, ಆರೋಗ್ಯ ವಿಮೆಯ ವಿವರ ಇವೆಲ್ಲ ಈಗ ಇನ್ನಷ್ಟು ಮುಖ್ಯ. ಅಗತ್ಯವಿದ್ದರೆ ವಲಸೆ ಕಾನೂನು ಬಲ್ಲ ವಕೀಲರ ಸಲಹೆ ಪಡೆಯಬೇಕು. ಇಲ್ಲಿಯೇ ಒಂದು ವಿಷಯ ಸ್ಪಷ್ಟವಾಗುತ್ತದೆ. ಪತ್ನಿಯ ಕಾಯಿಲೆ ಪತಿಗೆ ತಿಳಿದಿದ್ದರೆ ಅವನು ಮೊದಲೇ ಸಿದ್ಧನಾಗಿರುತ್ತಾನೆ. ತಿಳಿಯದಿದ್ದರೆ, ಅವಳ ಪರವಾಗಿ ದಾಖಲೆ ಜೋಡಿಸಬೇಕಾದ ವ್ಯಕ್ತಿಯೇ ಕತ್ತಲಲ್ಲಿರುತ್ತಾನೆ.

ಇನ್ನು ಸುಳ್ಳಿನ ಬೆಲೆ. ವೀಸಾ ಪಡೆಯಲು ಮಹತ್ವದ ಸಂಗತಿಯನ್ನು ಉದ್ದೇಶಪೂರ್ವಕವಾಗಿ ಮರೆಮಾಚಿದ್ದು ಸಾಬೀತಾದರೆ ಅಮೆರಿಕದ ಕಾನೂನಿನಲ್ಲಿ ಅದು ಆಜೀವ ಪ್ರವೇಶ ನಿಷೇಧಕ್ಕೆ ಕಾರಣವಾಗುತ್ತದೆ. ಅದರಿಂದ ವಿನಾಯಿತಿ ಪಡೆಯುವುದು ಬಹಳ ಕಷ್ಟ. ಇವರಿಗೆ ಹೇಗೆ ತಿಳಿಯುತ್ತದೆ ಎಂದು ಕೇಳುವವರಿದ್ದಾರೆ. ತಿಳಿಯದೆಯೂ ಹೋಗಬಹುದು. ಆದರೆ ಸುಳ್ಳಿನ ನಿಜವಾದ ಶಿಕ್ಷೆ ಅಧಿಕಾರಿಯಿಂದ ಬರುವುದಕ್ಕಿಂತ ಮೊದಲೇ ಮನೆಯೊಳಗೆ ಆರಂಭವಾಗುತ್ತದೆ. ಚಳಿಗಾಲದಲ್ಲಿ ಮಧ್ಯಾಹ್ನ ಮುಗಿಯುವ ಮೊದಲೇ ಕತ್ತಲಾಗುವ ಊರಿನಲ್ಲಿ, ಪತಿ ಕೆಲಸಕ್ಕೆ ಹೋದ ಬಳಿಕ ನಾಲ್ಕು ಗೋಡೆಗಳ ನಡುವೆ ಉಳಿಯುವ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ಊರಿನಿಂದ ತಂದ ಮಾತ್ರೆ ಮುಗಿದಿದೆ. ವೈದ್ಯರ ಬಳಿಗೆ ಹೋದರೆ ಇದು ಎಂದಿನಿಂದ ಎಂದು ಕೇಳುತ್ತಾರೆ, ಉತ್ತರ ದಾಖಲೆಯಲ್ಲಿ ಉಳಿಯುತ್ತದೆ, ಮೊದಲು ಹೇಳಿದ ಸುಳ್ಳು ಬಯಲಾಗುತ್ತದೆ. ಪತಿಗೆ ಹೇಳಿದರೆ ಮದುವೆಯ ಹಿಂದಿನ ಮೌನ ಬಯಲಾಗುತ್ತದೆ. ಹೀಗೆ ಅವಳು ಎರಡು ಸುಳ್ಳುಗಳ ನಡುವೆ ಸಿಕ್ಕಿಬಿದ್ದು, ಚಿಕಿತ್ಸೆಯಿಂದಲೇ ದೂರ ಉಳಿಯುತ್ತಾಳೆ. ಮಗಳ ಬದುಕು ಚೆನ್ನಾಗಿರಲಿ ಎಂದು ಮುಚ್ಚಿಟ್ಟ ಸಂಗತಿಯೇ ಅವಳ ಬದುಕಿನ ಬಾಗಿಲನ್ನು ಮುಚ್ಚಿಬಿಡುತ್ತದೆ.

ಈಗ ಧರ್ಮದ ಮಾತಿಗೆ ಬರೋಣ. ನಿಕಾಹ್‌ನ ಖುತ್ಬಾದಲ್ಲಿ ಓದಲಾಗುವ ಸೂಕ್ತಗಳಲ್ಲಿ ಅಲ್ ಅಹ್‌ಝಾಬ್ ಅಧ್ಯಾಯದ 70ನೆಯ ಸೂಕ್ತವೂ ಒಂದು. ಅಲ್ಲಾಹನನ್ನು ಭಯಪಡಬೇಕು ಮತ್ತು ನೇರವಾದ ಮಾತನ್ನಾಡಬೇಕು ಎಂಬುದು ಅದರ ಆದೇಶ. ನೇರ ಮಾತಿನ ಈ ಆದೇಶ ಬೇರೆಲ್ಲೂ ಅಲ್ಲ, ನಿಕಾಹ್‌ನ ಸಭೆಯಲ್ಲಿಯೇ ಕೇಳಿಬರುತ್ತದೆ ಎಂಬುದನ್ನು ನಾವು ಆಲೋಚಿಸಿದ್ದೇವೆಯೇ? ಮೋಸ ಮಾಡುವವನು ನಮ್ಮವನಲ್ಲ ಎಂಬ ಪ್ರವಾದಿವರ್ಯರ(ಸ) ಎಚ್ಚರಿಕೆ ಒದ್ದೆಯಾದ ಧಾನ್ಯವನ್ನು ರಾಶಿಯ ಒಳಗೆ ಬಚ್ಚಿಟ್ಟ ವ್ಯಾಪಾರಿಯ ವಿಷಯದಲ್ಲಿ ಬಂದದ್ದು. ಧಾನ್ಯದ ವ್ಯವಹಾರದಲ್ಲೇ ಹೀಗಾದರೆ ಆಜೀವ ಒಪ್ಪಂದದಲ್ಲಿ ಹೇಗಿರಬೇಕು?

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಮುಸ್ಲಿಮನ ಕೊರತೆಯನ್ನು ಮುಚ್ಚಿದವನ ಕೊರತೆಯನ್ನು ಅಲ್ಲಾಹನು ಮುಚ್ಚುತ್ತಾನೆ ಎಂಬ ಬೋಧನೆ ಇಲ್ಲವೇ? ಇದೆ. ಆದರೆ ಯಾವುದನ್ನು ಮುಚ್ಚಬೇಕು, ಯಾವುದನ್ನು ತಿಳಿಸಬೇಕು ಎಂಬುದನ್ನು ಹಝ್ರತ್ ಉಮರ್(ರ) ಅವರ ಎರಡು ಘಟನೆಗಳು ಬೆಳಗುತ್ತವೆ. ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿರುವ ವರದಿಯಂತೆ, ಒಬ್ಬನು ತನ್ನ ಸಹೋದರಿಯನ್ನು ವಿವಾಹಕ್ಕೆ ಕೇಳಲು ಬಂದವನ ಮುಂದೆ ಆಕೆಯ ಹಿಂದಿನ ಪಾಪವೊಂದನ್ನು ಹೇಳಿಬಿಟ್ಟ. ಅದನ್ನು ತಿಳಿದ ಉಮರ್(ರ) ಅವನ ಮೇಲೆ ತೀವ್ರವಾಗಿ ಕೋಪಗೊಂಡರು, ಅದನ್ನು ಹೇಳುವ ಅಗತ್ಯವೇನಿತ್ತು ಎಂದು ಗದರಿಸಿದರು. ಇನ್ನೊಂದು ವರದಿಯಲ್ಲಿ, ಮಕ್ಕಳಾಗದ ಒಬ್ಬ ವ್ಯಕ್ತಿ ವಿವಾಹವಾದುದು ತಿಳಿದಾಗ, ಇದನ್ನು ಪತ್ನಿಗೆ ತಿಳಿಸಿರುವೆಯಾ ಎಂದು ಅವರೇ ವಿಚಾರಿಸಿದರು. ಇಲ್ಲ ಎಂದಾಗ, ಹೋಗಿ ತಿಳಿಸಿ ಆಯ್ಕೆಯನ್ನು ಆಕೆಗೆ ಬಿಡುವಂತೆ ಆದೇಶಿಸಿದರು. ಪಶ್ಚಾತ್ತಾಪಪಟ್ಟ ಪಾಪ ದಾಸ ಮತ್ತು ಅವನ ಪ್ರಭುವಿನ ನಡುವಿನದು, ಅದನ್ನು ಮುಚ್ಚಬೇಕು. ಸಹಜೀವನವನ್ನು ಮುಟ್ಟುವ ಆರೋಗ್ಯದ ಸ್ಥಿತಿ ಸಂಗಾತಿಯ ಹಕ್ಕು, ಅದನ್ನು ತಿಳಿಸಬೇಕು. ನಾವು ಹೆಚ್ಚಾಗಿ ಇದನ್ನು ತಲೆಕೆಳಗು ಮಾಡಿದ್ದೇವೆ. ಇತರರ ಪಾಪಗಳನ್ನು ಮದುವೆ ಮಂಟಪದಲ್ಲೇ ಹರಡುತ್ತೇವೆ, ಕಾಯಿಲೆಯನ್ನು ಪಾಪದಂತೆ ಬಚ್ಚಿಡುತ್ತೇವೆ.

ಕಾಯಿಲೆ ಪಾಪವಲ್ಲ. ಮಾನಸಿಕ ಕಾಯಿಲೆಯನ್ನು ಈಮಾನಿನ ಕೊರತೆಯೆಂದು ಹೀಯಾಳಿಸುವವರು ಪ್ರವಾದಿ ಯಅ್‌ಕೂಬ್‌ರನ್ನು(ಅ) ನೆನೆಯಲಿ. ಮಗನ ಅಗಲಿಕೆಯ ದುಃಖದಲ್ಲಿ ಅವರ ಕಣ್ಣುಗಳು ಬೆಳ್ಳಗಾದುದನ್ನು ಕುರ್‌ಆನ್ ಯಾವ ಸಂಕೋಚವೂ ಇಲ್ಲದೆ ಹೇಳುತ್ತದೆ. ಸಹೀಹ್ ಮುಸ್ಲಿಮ್‌ನಲ್ಲಿ ಬುದ್ಧಿಯ ಸಮಸ್ಯೆಯಿದ್ದ ಒಬ್ಬ ಮಹಿಳೆಯ ಘಟನೆ ಇದೆ. ತನಗೆ ತಮ್ಮಲ್ಲಿ ಒಂದು ಅಗತ್ಯವಿದೆ ಎಂದು ಆಕೆ ಪ್ರವಾದಿವರ್ಯರಿಗೆ(ಸ) ತಿಳಿಸಿದಾಗ, ಯಾವ ಬೀದಿಯಲ್ಲಿ ಮಾತನಾಡಬೇಕೆಂಬುದನ್ನು ಅವರು ಆಕೆಯ ಇಷ್ಟಕ್ಕೇ ಬಿಟ್ಟರು, ಆಕೆಯ ಮಾತು ಮುಗಿಯುವವರೆಗೆ ಜೊತೆಯಲ್ಲಿ ನಿಂತರು. ಅಪಸ್ಮಾರದ ಬಾಧೆಯಿದ್ದ ಇನ್ನೊಬ್ಬ ಮಹಿಳೆ ತನ್ನ ಕಾಯಿಲೆಯನ್ನು ಪ್ರವಾದಿವರ್ಯರ(ಸ) ಮುಂದೆ ಬಾಯಿಬಿಟ್ಟು ಹೇಳಿಕೊಂಡಳು. ಸಹನೆಗೆ ಸ್ವರ್ಗದ ಸುವಾರ್ತೆ ಪಡೆದು, ಮೂರ್ಛೆಯ ವೇಳೆ ತನ್ನ ಬಟ್ಟೆ ಸರಿಯದಂತೆ ದುಆ ಮಾಡಬೇಕೆಂದು ಮಾತ್ರ ಕೋರಿದಳು, ಅವರು ದುಆ ಮಾಡಿದರು. ಅಲ್ಲಿ ಕಾಯಿಲೆ ಬಹಿರಂಗವಾಯಿತು, ಮಾನ ಉಳಿಯಿತು. ನಮ್ಮಲ್ಲಿ ಕಾಯಿಲೆ ಗುಟ್ಟಾಗಿ ಉಳಿಯುತ್ತದೆ, ಮಾನ ಹೋಗುತ್ತದೆ.

ನಮ್ಮ ಪೂರ್ವಿಕರು ಈ ದಾರಿಯಲ್ಲೇ ನಡೆದರು. 850ರಿಂದ 934ರವರೆಗೆ ಬದುಕಿದ್ದ ಅಬೂ ಝೈದ್ ಅಲ್ ಬಲ್ಖೀ ದೇಹ ಮತ್ತು ಮನಸ್ಸುಗಳ ಆರೋಗ್ಯವನ್ನು ಒಂದೇ ಗ್ರಂಥದಲ್ಲಿ ಚರ್ಚಿಸಿ, ಕಾರಣ ತಿಳಿದಿರುವ ದುಃಖ ಮತ್ತು ಕಾರಣ ತಿಳಿಯದ ದುಃಖಗಳನ್ನು ಬೇರ್ಪಡಿಸಿ ವಿವರಿಸಿದರು. 1354ರಲ್ಲಿ ಸಿರಿಯಾದ ಅಲೆಪ್ಪೊ ನಗರದಲ್ಲಿ ಕಟ್ಟಲಾದ ಅರ್ಗೂನ್ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೆ ಅಂಗಳ, ಕಾರಂಜಿಗಳ ನಡುವೆ ಆರೈಕೆ ದೊರೆಯುತ್ತಿತ್ತು. ದುಆ, ಝಿಕ್ರ್, ರುಕ್ಯಾ ನಮ್ಮ ಆಸರೆ, ಸಂಶಯವಿಲ್ಲ. ಆದರೆ ಪ್ರತಿ ರೋಗಕ್ಕೂ ಔಷಧಿಯನ್ನು ಇಳಿಸಲಾಗಿದೆ ಎಂದು ಕಲಿಸಿದ ಧರ್ಮದಲ್ಲಿ ವೈದ್ಯರ ಬಾಗಿಲಿನಿಂದ ದೂರವಿರುವುದು ಭಕ್ತಿಯಲ್ಲ.

ಹಾಗಾದರೆ ಏನನ್ನು, ಯಾರಿಗೆ, ಎಷ್ಟು ತಿಳಿಸಬೇಕು? ಪರೀಕ್ಷೆಯ ದಿನಗಳ ಆತಂಕ, ಅಜ್ಜಿಯ ಮರಣದ ನಂತರದ ಕಣ್ಣೀರು ಇವನ್ನೆಲ್ಲ ಪಟ್ಟಿ ಮಾಡಬೇಕಾಗಿಲ್ಲ. ಚಿಕಿತ್ಸೆ ಈಗಲೂ ನಡೆಯುತ್ತಿದ್ದರೆ, ಆಸ್ಪತ್ರೆಗೆ ದಾಖಲಾಗಿದ್ದರೆ, ತನಗೆ ತಾನೇ ಹಾನಿ ಮಾಡಿಕೊಂಡ ಪ್ರಸಂಗವಿದ್ದರೆ, ಮರುಕಳಿಸುವ ಸಾಧ್ಯತೆಯನ್ನು ವೈದ್ಯರು ಹೇಳಿದ್ದರೆ ಅದನ್ನು ವಿವಾಹವಾಗುವ ವ್ಯಕ್ತಿಗೆ ನಿಕಾಹ್ ನಿಶ್ಚಯಕ್ಕೆ ಮೊದಲೇ ತಿಳಿಸಬೇಕು. ಮದುವೆ ದಲ್ಲಾಳಿಗಾಗಲಿ, ಬಂಧುಬಳಗಕ್ಕಾಗಲಿ ತಿಳಿಸಬೇಕಾಗಿಲ್ಲ. ಸಂಬಂಧ ಮುಂದುವರಿಯುವ ಲಕ್ಷಣ ಕಂಡಾಗ, ಹಿರಿಯರ ಸಮ್ಮುಖದಲ್ಲಿ, ಆ ವ್ಯಕ್ತಿಗೆ ಮಾತ್ರ. ಕೇಳಿಸಿಕೊಂಡವನಿಗೂ ಅದು ಅಮಾನತ್. ಸಂಬಂಧ ಬೇಡವೆಂದರೂ ಆ ಮಾತು ಅವನ ಎದೆಯಲ್ಲೇ ಉಳಿಯಬೇಕು, ಮೊಬೈಲಿನ ಗುಂಪುಗಳಿಗೆ ಹರಿಯಬಾರದು. ನಮ್ಮ ದೇಶದ ಕಾನೂನೂ ಮಾನಸಿಕ ಚಿಕಿತ್ಸೆಯ ಮಾಹಿತಿಯ ಗೌಪ್ಯತೆಯನ್ನು ರೋಗಿಯ ಹಕ್ಕೆಂದು ಒಪ್ಪಿದೆ. ಹಿಂದೆ ಚಿಕಿತ್ಸೆ ಪಡೆದಿದ್ದರು ಎಂಬುದೊಂದನ್ನೇ ಹಿಡಿದು ಇಂದೂ ರೋಗಿಯೆಂದು ತೀರ್ಮಾನಿಸಬಾರದೆಂದೂ ಅದು ಹೇಳುತ್ತದೆ.

ಹೇಳಿದರೆ ಮಗಳನ್ನು ಯಾರು ವಿವಾಹವಾಗುತ್ತಾರೆ ಎಂದು ತಾಯಿಯೊಬ್ಬಳು ಕೇಳಿದರೆ ಆ ನೋವನ್ನು ಹಗುರವಾಗಿ ಕಾಣಲಾರೆವು. ಕೆಲವು ಸಂಬಂಧಗಳು ತಪ್ಪುತ್ತವೆ, ನಿಜ. ಆದರೆ ತಿಳಿದು ಹಿಂದೆ ಸರಿದವನು, ತಿಳಿಯದೆ ವಿವಾಹವಾಗಿ ಬಳಿಕ ತಲಾಕ್‌ನ ಬೆದರಿಕೆ ಹಾಕುವವನಿಗಿಂತ ಕಡಿಮೆ ಹಾನಿ ಮಾಡಿದ್ದಾನೆ. ವಲಸೆಯ ಅರ್ಜಿ ಪತಿಯ ಹೆಸರಿನಲ್ಲಿರುತ್ತದೆ, ಅವನು ಅದನ್ನು ಹಿಂಪಡೆಯಬಲ್ಲ. ಪರದೇಶದಲ್ಲಿ ಅವನ ಮೇಲೆ ಅವಲಂಬಿತಳಾದ ಹೆಣ್ಣುಮಗಳ ಕೈಯಲ್ಲಿ ಒಂದು ಗುಟ್ಟು ಇದ್ದರೆ, ಅದು ಅವಳ ವಿರುದ್ಧವೇ ಆಯುಧವಾಗುತ್ತದೆ.

ಮೇಲೆ ಹೇಳಿದ್ದೆಲ್ಲ ಗಂಡಿನ ಕಡೆಗೂ ಅನ್ವಯಿಸುತ್ತದೆ. ಹೆಣ್ಣಿನ ಮಾತ್ರೆ ಡಬ್ಬಿಯನ್ನು ಹುಡುಕುವ ನಾವು ಗಂಡಿನ ಕುಡಿತ, ಮಾದಕ ವ್ಯಸನ, ಕೋಪದ ಹುಚ್ಚಾಟಗಳನ್ನು ಮದುವೆಯಾದರೆ ಸರಿಹೋಗುತ್ತದೆ ಎಂಬ ಒಂದೇ ಮಾತಿನಲ್ಲಿ ಮುಚ್ಚುತ್ತೇವೆ. ಹೆಣ್ಣುಮಗಳು ಚಿಕಿತ್ಸಾಲಯವಲ್ಲ. ಪತಿ ಎರಡು ವರ್ಷ ಬುದ್ಧಿಭ್ರಮಣೆಯಲ್ಲಿದ್ದರೆ ವಿವಾಹ ವಿಚ್ಛೇದನ ಕೇಳುವ ಹಕ್ಕನ್ನು 1939ರ ಮುಸ್ಲಿಮ್ ವಿವಾಹ ವಿಸರ್ಜನಾ ಕಾನೂನು ಪತ್ನಿಗೆ ಕೊಟ್ಟಿರುವುದನ್ನು ಮರೆಯಬಾರದು. ಕರಾವಳಿಯ ಬ್ಯಾರಿ ಮತ್ತು ನವಾಯತ ಸಮುದಾಯಗಳು ಅನುಸರಿಸುವ ಶಾಫಿಈ ಕರ್ಮಶಾಸ್ತ್ರದಲ್ಲಿ ಬುದ್ಧಿಭ್ರಮಣೆಯು ವಿವಾಹವನ್ನು ರದ್ದುಗೊಳಿಸಲು ಕಾರಣವಾಗುವ ದೋಷಗಳಲ್ಲಿ ಒಂದು, ಪತಿ-ಪತ್ನಿ ಇಬ್ಬರ ವಿಷಯದಲ್ಲೂ. ಆದರೆ ಖಿನ್ನತೆಯನ್ನೂ ಆತಂಕವನ್ನೂ ಬುದ್ಧಿಭ್ರಮಣೆಯೆಂದು ಕರೆದು ಪತ್ನಿಯನ್ನು ತವರಿಗೆ ಅಟ್ಟುವುದು ಧರ್ಮಶಾಸ್ತ್ರವೂ ಅಲ್ಲ, ವೈದ್ಯಶಾಸ್ತ್ರವೂ ಅಲ್ಲ. ಇಂತಹ ವಿಷಯ ಬಂದಾಗ ಉಲಮಾಗಳ ಜೊತೆ ವೈದ್ಯರ ಅಭಿಪ್ರಾಯವೂ ಬೇಕು.

ನಿಕಾಹ್ ಈಗಾಗಲೇ ಆಗಿದ್ದು, ಮಾತು ಇನ್ನೂ ಬಾಕಿ ಇದ್ದರೆ ತಪಾಸಣೆಯ ದಿನಕ್ಕೆ ಮೊದಲೇ ಪತಿ-ಪತ್ನಿ ಕುಳಿತು ಮಾತನಾಡಲಿ. ಕೇಳಿಸಿಕೊಳ್ಳುವ ಪತಿಗೆ ನಮ್ಮ ಮನವಿ ಇದು. ಪತಿ-ಪತ್ನಿಯರು ಪರಸ್ಪರರಿಗೆ ಉಡುಪು ಎಂದು ಕುರ್‌ಆನ್ ಹೇಳಿದೆ, ಉಡುಪಿನ ಕೆಲಸ ಮೈ ಮುಚ್ಚುವುದು, ಚಳಿ ತಡೆಯುವುದು. ಹೊರಡುವ ಮುನ್ನ ಕೆಲವು ತಿಂಗಳಿಗಾಗುವಷ್ಟು ಔಷಧಿ, ಚೀಟಿ, ವೈದ್ಯರ ಪತ್ರ ಜೊತೆಗಿರಲಿ. ಅಲ್ಲಿ ತಲುಪಿದ ಬಳಿಕ ಯಾವ ವೈದ್ಯರ ಬಳಿಗೆ ಹೋಗುವುದು ಎಂಬುದನ್ನು ಪತಿ ಮೊದಲೇ ವಿಚಾರಿಸಿಡಲಿ. ಮನಸ್ಸು ಕುಸಿದ ಗಳಿಗೆಯಲ್ಲಿ ಅಮೆರಿಕದಲ್ಲಿ 988 ಸಂಖ್ಯೆಗೆ ಕರೆ ಮಾಡಬಹುದು. ಊರಿನಲ್ಲಿ ಇರುವವರಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಕನ್ನಡದಲ್ಲೂ ಮಾತನಾಡಬಹುದಾದ ಸರಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416 ಇದೆ.

ಜಮಾಅತ್‌ಗಳಿಗೂ ಖತೀಬರಿಗೂ ಒಂದು ಮಾತು. ನಿಕಾಹ್ ನೋಂದಣಿಗೆ ಮೊದಲು ವಧೂವರರಿಗೆ ಮಹ್ರ್, ಹಕ್ಕುಬಾಧ್ಯತೆಗಳ ಬಗ್ಗೆ ತಿಳುವಳಿಕೆ ನೀಡುವ ಕಡೆಗಳಲ್ಲಿ ಮನಸ್ಸಿನ ಆರೋಗ್ಯದ ಬಗ್ಗೆಯೂ ಹತ್ತು ನಿಮಿಷ ಮೀಸಲಿಡಲಿ. ಮಿಂಬರ್‌ನಿಂದ ಒಮ್ಮೆಯಾದರೂ ಖಿನ್ನತೆ ಕಾಯಿಲೆ, ಕಳಂಕವಲ್ಲ ಎಂಬ ಮಾತು ಕೇಳಿಬಂದರೆ, ಎಷ್ಟೋ ಹೆತ್ತವರ ಗಂಟಲಲ್ಲಿ ಸಿಲುಕಿರುವ ಮಾತು ಸಡಿಲವಾಗಬಹುದು.

ಅಲ್ಲಾಹನು ನಮ್ಮ ನಾಲಗೆಗೆ ನೇರ ಮಾತನ್ನೂ, ಅದನ್ನು ಕೇಳಿಸಿಕೊಳ್ಳುವವರ ಎದೆಗೆ ವಿಶಾಲತೆಯನ್ನೂ ದಯಪಾಲಿಸಲಿ. ದೂರದೇಶಕ್ಕೆ ಹೊರಟ ನಮ್ಮ ಮಕ್ಕಳ ಮನೆಗಳಲ್ಲಿ ಶಾಂತಿಯನ್ನೂ ಕರುಣೆಯನ್ನೂ ನೆಲೆಗೊಳಿಸಲಿ. ಕಾಯಿಲೆಯಲ್ಲಿರುವವರಿಗೆ ಸಂಪೂರ್ಣ ಶಮನ ನೀಡಲಿ. ಆಮೀನ್.